ಅಪ್ಪ ಹಾಕಿದ ಬ್ರೇಕ್ ಪೈಪು

ಬ್ರೇಕ್ ಆಯಿಲ್ ವಾಸನೆ ಬಂದರೆ ಇಂದಿಗೂ ನಾಗಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ಕಳಮೇಶ್ವರದ ರಸ್ತೆಯಲ್ಲಿ ಅಜ್ಜನ ಕಾಲದ ನಮ್ಮ ಕಾರಿನ ಬ್ರೇಕ್ ಹಿಡಿಯದೆ ಅಪಘಾತವಾಗಿ, ಒಳಗಿದ್ದ ಅಕ್ಕ ತೀರಿಕೊಂಡು ತಿಂಗಳಾಗಿತ್ತು. ಓಡಿಸುತ್ತಿದ್ದವರು ಅಪ್ಪ. ಕಾರನ್ನು ಗುಜರಿಗೆ ಹಾಕೆಂದು ಎಲ್ಲರೂ ಹೇಳಿದರು. ಅಪ್ಪ ಕೇಳದೆ ಇತವಾರಿಯ ಅಂಗಡಿಗಳನ್ನೆಲ್ಲ ಸುತ್ತಿ ಹೊಸ ಪೈಪು ತಂದರು. ತುಕ್ಕು ಹಿಡಿದು ತೂತಾಗಿದ್ದ ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದರು. ಪೈಪಿನೊಳಗಿನ ಗಾಳಿ ತೆಗೆಯಲೆಂದು ನನ್ನನ್ನು ಸೀಟಿನ ಅಂಚಿಗೆ ಕೂರಿಸಿ, ಕಾರಿನಡಿಯಿಂದ, "ಒತ್ತವ್ವಾ, ಬಿಡಬ್ಯಾಡ," ಎನ್ನುತ್ತಿದ್ದರು. ಮೊದಲು ನೆಲದವರೆಗೂ ಇಳಿದುಬಿಡುತ್ತಿದ್ದ ಪೆಡಲು ಕೊನೆಗೆ ಪಾದಕ್ಕೆ ಗಟ್ಟಿಯಾಗಿ ಸಿಕ್ಕಿತು.

"ಅಪ್ಪಾ, ಈಗ ಬರೋಬರ್ ಹಿಡೀತೈತಿ," ಎಂದೆ.

ಬಾಗಿಲಲ್ಲಿ ನಿಂತಿದ್ದ ಅವ್ವ ಕೇಳಿದಳು: "ಇನ್ನ ಯಾರನ್ನ ಕುಂದ್ರಿಸ್ಕೊಂಡು ಹೋಗ್ತೀರಿ?"

ಅಪ್ಪ ಹೊರಗೆ ಬರಲಿಲ್ಲ. ಕಾರಿನಡಿಯಿಂದಲೇ, "ಇನ್ನೊಮ್ಮೆ ಒತ್ತವ್ವಾ," ಎಂದರು.

ನಾನು ಒತ್ತಿದೆ.