ಹುಲಗಪ್ಪ ಬಿಗಿದು ಕಟ್ಟಿದ ನೆರಳು

ಎರಡು ನಿಮಿಷ ಪುರುಸೊತ್ತು ಮಾಡಿಕೊಳ್ಳಿ... ಆದರೆ ಅರ್ಧಕ್ಕೆ ಬಿಡಬೇಡಿ.

ಕೊಪ್ಪಳದ ಒಂದು ಪುಟ್ಟ ನರ್ಸರಿ ಶಾಲೆ. ಅಂಗಳದಲ್ಲಿ ಒಂದು ಗಿಡವೂ ಇಲ್ಲ... ಮಕ್ಕಳು ಊಟಕ್ಕೆ ಕೂರುವುದು ಸುಡು ಬಿಸಿಲಲ್ಲೇ.

ಶಾಲೆ ನಡೆಸುವ ಪ್ರಮೀಳಾ ಟೀಚರ್ ಅಂಗಳಕ್ಕೆ ನೆರಳಿನ ಬಟ್ಟೆ ಕಟ್ಟಿಸಲು ಹೊರಟರು. ಮಳೆ ನೀರೂ ಇಳಿಯದ ದಪ್ಪ ಬಟ್ಟೆ.

ಕಟ್ಟಲು ಬಂದವನು ಹುಲಗಪ್ಪ... ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮಾತಾಡದವರನ್ನು ಕಂಡರೆ ನಮಗೆಲ್ಲ ಅನುಮಾನ ಜಾಸ್ತಿ ನೋಡಿ. ಟೀಚರ್‌ಗೂ ಹಾಗೇ ಆಯಿತು.

ಆತ ನಾಲ್ಕೂ ಕಂಬಗಳನ್ನು ಹೊರಕ್ಕೆ ವಾಲಿಸಿ ನೆಟ್ಟ.

"ಕಂಬ ಸೊಟ್ಟ ಅದಾವಲ್ಲ ಹುಲಗಪ್ಪ?"

"ಹಂಗ ಇರಬೇಕ್ರಿ ಟೀಚರ್."

ಅಷ್ಟೇ. ಯಾಕೆ ಅಂತ ಇವರು ಕೇಳಲಿಲ್ಲ, ಆತ ಹೇಳಲಿಲ್ಲ. ಕಾಂಕ್ರೀಟ್ ಹಾಕಿ, "ಒಂದು ವಾರ ಯಾರೂ ಮುಟ್ಟಬ್ಯಾಡ್ರಿ" ಎಂದು ಹೋದವನು ಈ ಕಡೆ ತಲೆಯನ್ನೇ ಹಾಕಲಿಲ್ಲ.

ವಾರದ ಮೇಲೆ ಬಟ್ಟೆ ತಂದ. ಅಂಚುಗಳನ್ನೆಲ್ಲ ಒಳಕ್ಕೆ ಬಾಗಿಸಿ ಕತ್ತರಿಸಿದ್ದ. ಕತ್ತರಿಸಿ ಉಳಿದ ಬಟ್ಟೆ ಎಲ್ಲಿ ಹೋಯಿತು...? ಟೀಚರ್‌ಗೆ ಅನುಮಾನ.

ಎರಡು ಮೂಲೆ ಮೇಲೆ ಕಟ್ಟಿದ, ಎರಡು ಕೆಳಗೆ. ಮೂಲೆಯ ಕೊಂಡಿಗಳ ಸ್ಕ್ರೂ ತಿರುವಿ ತಿರುವಿ, ಬೆಂಕಿಗೆ ಕಾಯಿಸಿದ ಹಲಗೆ ವಾದ್ಯದ ಚರ್ಮದಂತೆ ಬಿಗಿದ.

ಮದುವೆ ಚಪ್ಪರ ನೋಡಿ ಬೆಳೆದ ಕಣ್ಣು ನಮ್ಮದು. ಚಪ್ಪರ ಅಂದರೆ ಸಮ ಇರಬೇಕು, ಬಟ್ಟೆ ಮೆತ್ತಗೆ ಇಳಿಬೀಳಬೇಕು. ಟೀಚರ್‌ಗೆ ಖಾತ್ರಿಯಾಯಿತು... ಬೇಗ ಹರಿಯಲಿ, ಮತ್ತೆ ತನ್ನನ್ನೇ ಕರೆಯಲಿ ಅಂತ ಹೀಗೆ ಎಳೆದಿದ್ದಾನೆ.

ಮರುದಿನವೇ ಆಯಾ ಕೈಲಿ ಏಣಿ ಹಿಡಿಸಿ ತಾವೇ ಹತ್ತಿದರು. ಸ್ಕ್ರೂ ಸಡಿಲಿಸಿದರು. ಮೇಲಿನ ಮೂಲೆಗಳು ಕೆಳಗಿಳಿದು ಬಟ್ಟೆ ಸಮವಾಯಿತು. ಈಗ ಕಣ್ಣಿಗೆ ಚೆಂದ ಕಂಡಿತು.

ಮೂರನೇ ದಿನ ಮಧ್ಯಾಹ್ನ ಒಮ್ಮೆಲೇ ಮಳೆ... ಊಟಕ್ಕೆ ಕೂತ ಮಕ್ಕಳು ಬಟ್ಟೆಯ ಕೆಳಗೇ ಉಳಿದರು.

ಆಫೀಸ್ ಕಿಟಕಿಯಿಂದ ಟೀಚರ್ ನೋಡುತ್ತಾರೆ... ಹುಲಗಪ್ಪ ಗೇಟು ತಳ್ಳಿಕೊಂಡು ಓಡಿ ಬರುತ್ತಿದ್ದಾನೆ. ಕೈಯಲ್ಲಿ ಸ್ಪ್ಯಾನರ್.

ಕರೆಯದೇ ಯಾಕೆ ಬಂದ...? ಕಂಬದ ಕೊಂಡಿ ಬಿಚ್ಚಿಕೊಂಡು ಹೋಗಲಿಕ್ಕೋ...?

ಇವರು ಹೊರಗೆ ಬರುವಷ್ಟರಲ್ಲಿ ಆತ "ಒಳಗ ಓಡ್ರಿ, ಎಲ್ಲಾರೂ ಒಳಗ ಓಡ್ರಿ" ಎಂದು ಕೂಗುತ್ತ ಮಕ್ಕಳನ್ನು ವರಾಂಡಕ್ಕೆ ಅಟ್ಟುತ್ತಿದ್ದ. ಆಗ ಟೀಚರ್‌ಗೆ ಬಟ್ಟೆ ಕಂಡಿತು... ನಡುವೆ ನೀರು ನಿಂತು, ಹೊಟ್ಟೆಯಂತೆ ಜೋತುಬಿದ್ದಿತ್ತು.

ಕೊನೆಯ ಮಗುವನ್ನು ಎತ್ತಿಕೊಂಡು ಆತ ಈಚೆ ಬಂದದ್ದೇ ತಡ, ಕೊಂಡಿ ಕಿತ್ತು ನೀರಿನ ಸಮೇತ ಬಟ್ಟೆ ನೆಲಕ್ಕೆ ಬಿತ್ತು. ಸಿಡಿದ ಕೊಂಡಿ ಆತನ ಭುಜ ಸೀಳಿತ್ತು.

ಸುದ್ದಿ ಕೇಳಿ ಪಾಲಕರು ಓಡಿ ಬಂದರು. "ಯಾರು ಇದನ್ನ ಕಟ್ಟಿದವ?"

"ನಾನ್ರಿ..." ಹುಲಗಪ್ಪ ಎದ್ದು ನಿಂತ.

"ಕಂಬ ವಾಲಿಸಿದ್ದು, ಅಂಚು ಬಾಗಿಸಿದ್ದು, ಎಲ್ಲಾ ಬಿಗಿ ನಿಲ್ಲಲಿ ಅಂತ. ನೀರು ಹರಿದು ಹೋಗ್ಲಿ ಅಂತ ಓರೆ ಕಟ್ಟಿದ್ದೆ. ಎಲ್ಲಿ ಕಟ್ಟಿದ್ರೂ ಮೊದಲ ಮಳಿ ಬಂದಾಗ ಹೋಗಿ ನೋಡ್ತೀನ್ರಿ... ಈ ಸಲ ಬಿಗಿ ಸಾಲಲಿಲ್ಲ. ಕೈಯಾಗ ಕಸುವು ಉಳಿದಿಲ್ರಿ. ಇವತ್ತಿಗೆ ಈ ಕೆಲಸ ಬಿಟ್ಟೆ."

ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡ.

ಟೀಚರ್ ಸುಮ್ಮನಿದ್ದರೆ ಸಾಕಿತ್ತು... ಶಾಲೆಯ ಹೆಸರು ಉಳಿಯುತ್ತಿತ್ತು. ಆಯಾ ಬಾಯಿ ಬಿಡುತ್ತಿರಲಿಲ್ಲ.

ಆದರೂ ಎಲ್ಲರ ಮುಂದೆ ಹೇಳಿದರು... "ಆತ ಸರಿಯಾಗೇ ಕಟ್ಟಿದ್ದ. ಸಡಿಲ ಮಾಡಿದವಳು ನಾನು."

ಪಾಲಕರು ಬಾಯಿಗೆ ಬಂದಂತೆ ಬೈದರು. ಇಬ್ಬರು ಅಲ್ಲೇ ಮಕ್ಕಳ ಬ್ಯಾಗ್ ತೆಗೆದುಕೊಂಡು ಹೊರಟರು.

ತಲೆ ತಗ್ಗಿಸಿ ನಿಂತ ಟೀಚರ್ ಹತ್ತಿರ ಹುಲಗಪ್ಪ ಬಂದ. ಇವನೂ ಬೈಯುತ್ತಾನೆ ಅಂದುಕೊಂಡರು. ಆತ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡು ಮೆಲ್ಲಗೆ ಕೇಳಿದ...

"ಹಂಗಾರ ನನ್ನ ಕೈ ಇನ್ನೂ ಚಲೋ ಐತಿ ಅಂತೀರೇನ್ರಿ?"

ಟೀಚರ್ ಆ ಕೈಗಳನ್ನು ಹಿಡಿದುಕೊಂಡು ಅತ್ತುಬಿಟ್ಟರು.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಲು ಒಂದು ನಿಮಿಷ ಸಾಕು... ಕೇಳದೇ ಅನುಮಾನಿಸಿದರೆ ಒಬ್ಬರು ತಮ್ಮ ಕೈಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳಬಹುದು.

ಮಾತು ಕಡಿಮೆ ಎಂಬ ಒಂದೇ ಕಾರಣಕ್ಕೆ ನೀವು ಅನುಮಾನಿಸಿದ ಆ ಒಬ್ಬರು ಯಾರು... ಇವತ್ತೇ ಅವರಿಗೊಂದು ಫೋನ್ ಮಾಡಬಾರದೇ?