ಒರಳುಕಲ್ಲು ಸರಿದಾಗ

ಗದಗಿನಲ್ಲಿ ಈಗ ಕಾಂಕ್ರೀಟಿನ ಕೆಳಗೆ ಪೊಳ್ಳು ಬೆಳೆದರೆ ಮನೆ ಗಾಳಿಪಟದಂತೆ ಮೇಲೇಳುತ್ತದೆ. ಶಂಕ್ರವ್ವಜ್ಜಿಯ ಮನೆಯನ್ನು ಅಡುಗೆಮನೆಯ ಒರಳುಕಲ್ಲು ಹಿಡಿದಿಟ್ಟಿತ್ತು. ಎದುರುಮನೆಯವರು ಮನೆ ಸಮೇತ ಹಂಪಿ ನೋಡಿ ಬಂದಾಗಿನಿಂದ ಅಜ್ಜಿಗೆ ಹೊಟ್ಟೆಕಿಚ್ಚು.

ಪೊಳ್ಳು ಹುಡುಕಲು ಸೊಸೆ ಕರೆಸಿದ್ದ ಮೆಹರುನ್ನೀಸಾ ನೆಲದ ಮೇಲೆ ರೇಡಾರ್ ಗಾಡಿ ತಳ್ಳುತ್ತಿದ್ದಳು.

"ಒರಳಿನ ಕೆಳಗೂ ನೋಡವಾ, ಸರಸ್ತೀನಿ," ಎಂದಳು ಅಜ್ಜಿ.

ಪರದೆಯಲ್ಲೇ ಮುಳುಗಿದ್ದ ಮೆಹರುನ್ನೀಸಾ ತಲೆಯಾಡಿಸಿದಳು. ಅಜ್ಜಿ ಒರಳನ್ನು ಅಂಗಳಕ್ಕೇ ಉರುಳಿಸಿಬಿಟ್ಟಳು.

"ಅಬ್ಬಾ, ಮನಿತುಂಬ ಪೊಳ್ಳು ಐತ್ರಿ. ಡ್ರಿಲ್ ಹೊಡದು ಗಾಳಿ ಹೊರಗ ಬಿಡಬೇಕು," ಎಂದು ಮೆಹರುನ್ನೀಸಾ ಬಾಗಿಲಿಗೆ ಬಂದಳು. ಡ್ರಿಲ್ ಸ್ಕೂಟರಿನಲ್ಲಿತ್ತು. ಸ್ಕೂಟರ್ ಬಹಳ ಕೆಳಗಿತ್ತು.

ಅಜ್ಜಿ ಚಹಾಕ್ಕೆ ನೀರಿಟ್ಟಳು. "ಕುಂದರವಾ. ನಿನ್ನ ತವರುಮನಿ ಯಾವ ಕಡೆ ಐತಿ?"