ಹರಿಹರದ ಪತಂಗ

ವಾಮದೇವಪ್ಪ ಕಾಲೇಜಿನ ಪ್ರಯೋಗಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ಮೇಜಿನ ಮೇಲೆ ಮರದ ಪೆಟ್ಟಿಗೆ ತೆರೆದಿತ್ತು. ಒಳಗೆ ಹನ್ನೆರಡು ಸೂಜಿಗಳ ಮೇಲೆ ಹನ್ನೆರಡು ಪತಂಗಗಳು, ಮಣ್ಣು ಬಣ್ಣದ ರೆಕ್ಕೆ ಬಿಚ್ಚಿಕೊಂಡು. ಪ್ರತಿ ಸೂಜಿಯ ಬುಡದಲ್ಲೂ ಸಂಖ್ಯೆ ಹಾಕಿದ ಒಂದು ಚೀಟಿ, ಚೀಟಿಯಲ್ಲಿ ಉಪನ್ಯಾಸಕಿ ಸುಷ್ಮಾಳ ಗುಂಡು ಅಕ್ಷರ: ಹರಿಹರ, ನದಿ ದಂಡೆ, ಜುಲೈ 1998.

ಊಟದ ಬಿಡುವು ಮುಗಿಯಲು ಇಪ್ಪತ್ತು ನಿಮಿಷವಿತ್ತು. ಆಮೇಲೆ ಅಟೆಂಡರ್ ಮೈಲಪ್ಪ ಬಂದು ಪೆಟ್ಟಿಗೆಯನ್ನು ಅಂಚೆಗೆ ಒಯ್ಯುತ್ತಾನೆ. ಅಲ್ಲಿಂದ ಬೆಂಗಳೂರಿನ ತಜ್ಞರಿಗೆ.

ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಅವರು ಇದೇ ಪೆಟ್ಟಿಗೆ ನೋಡಿ ನಕ್ಕಿದ್ದರು. ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರು ನಕ್ಕರೆ ಉಳಿದವರೂ ನಗಬೇಕು.

"ಹೊಸ ಜಾತಿನಾ? ಬೀದಿ ದೀಪದ ಕೆಳಗೆ ಕಾಲಿಗೆ ಸಿಕ್ಕು ಸಾಯ್ತಾವಲ್ಲ ತಾಯಿ ಇವು!"

ಸುಷ್ಮಾ ಎಂದಳು: "ರೆಕ್ಕೆ ಒಂದೇ ಥರ ಐತೆ ಸಾರ್. ಎರಡನ್ನ ಹೊಟ್ಟೆ ತುದಿ ಕೊಯ್ದು ನೋಡೀನಿ. ಒಳಗೊಂದು ಕೊಂಡಿ ಐತೆ. ಪುಸ್ತಕದ ಚಿತ್ರದಾಗೆ ಅದಿಲ್ಲ."

"ಮಂದಿ ಮುಖ ನೋಡಿ ಗುರುತು ಹಿಡೀತಾರೆ. ನೀನು ತಿರುವಿ ಹಾಕಿ ಹಿಂದೆ ನೋಡ್ತೀಯ."

"ತಜ್ಞರು ಕಾಲು ಕಿತ್ತು ಡಿಎನ್‌ಎ ಸೈತ ನೋಡ್ತಾರಂತೆ ಸಾರ್. ಅವರೇ ಹೇಳ್ಲಿ."

"ಹೇಳ್ಲಿ ಬಿಡು. ಹೊಟ್ಟೆ ಕೊಯ್ದು, ಕಾಲು ಕಿತ್ತು! ಜಾತಿ ಸಿಗದಿದ್ರೂ ಪಾಪ ಅಂತೂ ಸಿಗ್ತೈತೆ."

ಎಲ್ಲರೂ ನಕ್ಕರು. ಸುಷ್ಮಾ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ತಾತ್ಕಾಲಿಕ ಉಪನ್ಯಾಸಕಿಗೆ ಸಿಟ್ಟಾಗುವ ಅನುಕೂಲವಿರುವುದಿಲ್ಲ.

ಆದರೆ ವಾಮದೇವಪ್ಪನವರ ನಗು ಬಾಯಿಯದ್ದಷ್ಟೇ. ಹಿಂದಿನ ದಿನ ಎಲ್ಲರೂ ಮನೆಗೆ ಹೋದಮೇಲೆ ಅವಳು ಕೊಯ್ದಿಟ್ಟದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಅವರೇ ಇಟ್ಟು ನೋಡಿದ್ದರು. ಕೊಂಡಿ ಇತ್ತು. ಮೀನಿನ ಗಾಳದಷ್ಟು ಸ್ಪಷ್ಟವಾಗಿ ಇತ್ತು.

ಮೂವತ್ತೊಂದು ವರ್ಷ ಅವರು ಪತಂಗ ಹಿಡಿದಿದ್ದರು. ಹೊಸ ಜಾತಿಯೊಂದು ಸಿಕ್ಕರೆ ಅದರ ಹೆಸರಿನ ಪಕ್ಕದಲ್ಲಿ ಅದನ್ನು ಲೋಕಕ್ಕೆ ತೋರಿಸಿದವರ ಹೆಸರು ಶಾಶ್ವತವಾಗಿ ಉಳಿಯುತ್ತದೆ. ಅವರಿಗೆ ಇದ್ದದ್ದು ಅದೊಂದೇ ಆಸೆ. ಮಾರ್ಚಿಗೆ ನಿವೃತ್ತಿ. ಆ ಹೆಸರು ಈಗ ಹರಿಹರದಿಂದ ದಿನಾ ಬಸ್ಸಿಗೆ ಜೋತುಬಿದ್ದು ಬರುವ ಹುಡುಗಿಗೆ ಹೋಗಬೇಕೆ?

ಅವರು ಊಟದ ಡಬ್ಬಿ ಬಿಚ್ಚಿದರು. ಒಳಗಿದ್ದದ್ದು ರೊಟ್ಟಿಯಲ್ಲ. ಥರ್ಮೋಕೋಲಿನ ತುಂಡು, ಅದರ ಮೇಲೆ ಸೂಜಿಗೆ ಚುಚ್ಚಿದ ಮೂರು ಪತಂಗಗಳು. ಅದೇ ಮಣ್ಣು ಬಣ್ಣ, ಅದೇ ರೆಕ್ಕೆ. ದಾವಣಗೆರೆಯಲ್ಲಿ ಹಿಡಿದ ಸಾಮಾನ್ಯ ಹುಳಗಳು. ಇವನ್ನು ಕೊಯ್ದು ನೋಡುವ ಗೋಜಿಗೆ ಅವರು ಹೋಗಿರಲಿಲ್ಲ. ಇಂಥ ಹುಳಕ್ಕೆ ಅಷ್ಟು ಮರ್ಯಾದೆ ಯಾಕೆ?

ಸುಷ್ಮಾ ಕೊಯ್ಯದೆ ಬಿಟ್ಟಿದ್ದವುಗಳಲ್ಲಿ ನಾಲ್ಕು, ಏಳು, ಹನ್ನೊಂದನೆಯ ಪತಂಗಗಳನ್ನು ತೆಗೆದು ಡಬ್ಬಿಗೆ ಹಾಕಿದರು. ಅವುಗಳ ಚೀಟಿಗಳನ್ನು ತಮ್ಮ ಸೂಜಿಗಳಿಗೆ ಪೋಣಿಸಿ ಖಾಲಿ ಜಾಗದಲ್ಲಿ ಊರಿದರು. ಎರಡರಲ್ಲಿ ಕೊಂಡಿ ಕಂಡು, ಹನ್ನೆರಡೂ ಅದೇ ಹೊಸ ಜಾತಿಯೆಂದು ಸುಷ್ಮಾ ತಜ್ಞರಿಗೆ ಬರೆದಿದ್ದಳು. ಮೂರಕ್ಕೆ ಇಲ್ಲವೆಂದರೆ ತಜ್ಞರು ಉಳಿದ ಒಂಬತ್ತನ್ನೂ ನಂಬುವುದಿಲ್ಲ. ಬೀದಿಯ ಹುಳಗಳನ್ನು ಕಲಸಿ ಕಳಿಸಿದ ಹುಡುಗಿ ಎಂದು ಅವಳ ಕಾಗದ ಹರಿದು ಹಾಕುತ್ತಾರೆ.

ಮೈಲಪ್ಪ ಬಾಗಿಲು ಬಡಿದ. "ಸಾರ್, ಯಾಕ ಚಿಲಕ ಹಾಕ್ಕಂಡೀರಿ?"

"ಗಾಳಿಗೆ ರೆಕ್ಕೆ ಉದುರ್ತಾವೋ ಮಾರಾಯ." ಪೆಟ್ಟಿಗೆ ಮುಚ್ಚಿ ಬಾಗಿಲು ತೆಗೆದರು.

ಮೈಲಪ್ಪ ಪೆಟ್ಟಿಗೆಯನ್ನು ಕಂಕುಳಿಗೆ ಏರಿಸಿದ. "ಸತ್ತ ಹುಳಕ್ಕೆ ರಿಜಿಸ್ಟರ್ ಪೋಸ್ಟು. ನಮ್ಮಂಥೋರು ಬದುಕಿದ್ರೂ ಒಂದು ಪೋಸ್ಟ್ ಕಾರ್ಡಿಲ್ಲ."

ದಸರೆ ಕಳೆದ ಮೇಲಿನ ಒಂದು ಭಾನುವಾರ ಬೆಳಿಗ್ಗೆ, ದಾವಣಗೆರೆ ಪಿ.ಜೆ. ಬಡಾವಣೆಯ ವಾಮದೇವಪ್ಪನವರ ಮನೆಗೆ ಸುಷ್ಮಾ ಬಂದಳು. ಕೈಯಲ್ಲಿ ಲಕೋಟೆ. ಮುಖ ಕೆಂಪಾಗಿತ್ತು.

"ಬೆಂಗಳೂರಿಂದ ಕಾಗದ ಬಂತು ಸಾರ್. ಮೂರು ಹುಳದ ಬಗ್ಗೆನೇ ಜಾಸ್ತಿ ಬರ್ದಾರೆ. ನಾಲ್ಕು, ಏಳು, ಹನ್ನೊಂದು."

ವಾಮದೇವಪ್ಪ ಓದುತ್ತಿದ್ದ ಪತ್ರಿಕೆ ಮಡಿಸಿದರು. ಹುಳ ಬದಲಾಗಿದ್ದು ಗೊತ್ತಾಯಿತೆ? ತಪ್ಪನ್ನು ಮೈಲಪ್ಪನ ತಲೆಗೆ ಕಟ್ಟುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. "ಏನಂತೆ?"

"ಮೊದ್ಲು ಸೋತಿದ್ದು ಹೇಳಿಬಿಡ್ತೀನಿ ಸಾರ್. ನೀವಂದಿದ್ದೇ ನಿಜ ಆತು. ಆ ಕೊಂಡಿ ಸಾಮಾನ್ಯ ಜಾತಿಗೂ ಇರ್ತೈತಂತೆ. ಹಳೇ ಪುಸ್ತಕಕ್ಕೆ ಚಿತ್ರ ಬರೆದೋರು ಅದನ್ನ ಬಿಟ್ಟಿದ್ರಂತೆ. ಉಳಿದ ಒಂಬತ್ತೂ ಬೀದಿ ದೀಪದ ಹುಳಗಳೇ."

ವಾಮದೇವಪ್ಪನವರ ಬೆನ್ನು ಕುರ್ಚಿಗೆ ಒರಗಿತು. ಹೆದರಿದ್ದಕ್ಕೆ ತಮ್ಮ ಮೇಲೆ ತಮಗೇ ನಗು ಬಂತು. "ನಾ ಹೇಳಿರ್ಲಿಲ್ಲೇನು? ಕೂಡ್ರು, ಕೂಡ್ರು. ಬೇಜಾರು ಮಾಡ್ಕೋಬ್ಯಾಡ, ಕಲಿಯೋ ವಯಸ್ಸು." ಒಳಗೆ ಕೂಗಿದರು: "ಲೇ ಅನ್ನಪೂರ್ಣ, ಪಾಪ, ಈ ಹುಡುಗಿಗೆ ಚಾ ಕೊಡು."

"ಬೇಜಾರು ಯಾಕ ಸಾರ್? ಆ ಮೂರು ಹೊಸವಂತೆ!" ಸುಷ್ಮಾ ಕಾಗದ ಬಿಚ್ಚಿ ಅವರ ಮುಂದೆ ಹಿಡಿದಳು. "ಕೊಂಡಿ ಜಾಗದಾಗೆ ಗರಗಸದ ಹಲ್ಲಿನಂಥದ್ದು ಐತಂತೆ. ಡಿಎನ್‌ಎ ಸೈತ ಬ್ಯಾರೆನೇ. ಇಂಥ ಪತಂಗ ಎಲ್ಲೂ ದಾಖಲಾಗಿಲ್ವಂತೆ. ಲೇಖನ ನನ್ನ ಹೆಸರಲ್ಲೇ ಬರ್ಲಿ, ಜಾತಿಗೆ ಹರಿಹರದ ಹೆಸರೇ ಇಡಮ್ಮ ಅಂತ ಬರ್ದಾರೆ. ನದಿ ದಂಡೇಲಿ ಇನ್ನೊಂದಿಷ್ಟು ಹಿಡಿದು ಕಳಿಸ್ಬೇಕು. ನೀವೂ ಬರ್ರಿ ಸಾರ್, ನಿಮ್ಮ ಕಣ್ಣು ಜತೆಗಿದ್ರೆ ಬೇಗ ಸಿಗ್ತಾವೆ."

ಆ ಮೂರನ್ನು ವಾಮದೇವಪ್ಪ ಹಿಡಿದದ್ದು ಇದೇ ಮನೆಯ ಬಚ್ಚಲ ಗೋಡೆಯ ಮೇಲೆ. ಮೂವತ್ತೊಂದು ವರ್ಷದಿಂದ ಅವರು ದಿನಾ ಸ್ನಾನ ಮಾಡುತ್ತಿದ್ದುದು ಅವುಗಳ ಎದುರಿಗೇ.